ಬಿಸಿನೀರಿನ ಚರಣ

ಹೆಂಡತಿ ತೀರಿಕೊಂಡ ಎರಡನೆಯ ವರ್ಷ, ನವೆಂಬರಿನಲ್ಲಿ, ನಮ್ಮ ಇಗರ್ಜಿಯ ಗಾಯನ ಮಂಡಳಿ ನಡೆಸುವ ಹುಡುಗಿ ಸಿದ್ಧಕಟ್ಟೆಯ ನನ್ನ ಮನೆಗೆ ಬಂದಳು. ಕೈಯಲ್ಲಿ ಹಳೆಯ ಕ್ರಿಸ್ಮಸ್ ಹಾಡುಗಳ ಜೆರಾಕ್ಸ್ ಪ್ರತಿ ಇತ್ತು.

"ಅಂಕಲ್, ನಿಮಗೆ ಕಂಪ್ಯೂಟರಿನಲ್ಲಿ ಟೈಪ್ ಮಾಡ್ಲಿಕ್ಕೆ ಬರ್ತದಲ್ಲ? ಇದನ್ನೊಂದು ಚೆಂದದ ಪುಸ್ತಕ ಮಾಡಿ ಕೊಡಬೇಕು. ಹಾಡು ಬರೆದವರ ಹೆಸರು, ರಾಗ ಹಾಕಿದವರ ಹೆಸರು ಕೆಳಗೆ ಬರಬೇಕು ಅಂತ ಫಾದರ್ ಹೇಳಿದ್ದಾರೆ."

ಒಪ್ಪಿಕೊಂಡದ್ದು ಭಕ್ತಿಯಿಂದ ಅಲ್ಲ. ಅಂಚೆ ಕಚೇರಿಯಿಂದ ನಿವೃತ್ತನಾಗಿ, ಹೆಂಡತಿಯೂ ಹೋದ ಮೇಲೆ, ಏನಾದರೂ ಬೇಕು ಅಂತ ನನ್ನ ಬಾಗಿಲಿಗೆ ಬಂದವರು ಇರಲಿಲ್ಲ. ಮಧ್ಯಾಹ್ನ ಒಬ್ಬನಿಗಾಗುವಷ್ಟು ಗಂಜಿ ಬೇಯಿಸುತ್ತಿದ್ದೆ. ಟಿವಿ ಹಚ್ಚಿಟ್ಟು ಬೇರೆ ಕೋಣೆಯಲ್ಲಿ ಕೂರುತ್ತಿದ್ದೆ. ಕೆಲವು ದಿನ ಸಂಜೆಯಾಗುವಾಗ ನೆನಪಾಗುತ್ತಿತ್ತು, ಬೆಳಗ್ಗಿನಿಂದ ಒಂದು ಮಾತೂ ಆಡಿಲ್ಲ ಅಂತ.

ಹಾಡುಗಳೆಲ್ಲ ಕೊಂಕಣಿ, ನಾವು ಅದನ್ನು ಬರೆಯುವುದು ಕನ್ನಡ ಅಕ್ಷರದಲ್ಲಿಯೇ. ಹೆಚ್ಚಿನವುಗಳ ಹೆಸರು ಸುಲಭದಲ್ಲಿ ಸಿಕ್ಕಿತು. ಯಾವುದೋ ಕಾಲದ ಪಾದ್ರಿಗಳು, ಒಬ್ಬ ಶಾಲಾ ಮಾಸ್ಟ್ರು, ಕೆಲವು ವಿದೇಶದ ರಾಗಗಳು. ಉಳಿದದ್ದು ಒಂದೇ: ಗೋದಲಿಯ ಮುಂದೆ, ಹುಲ್ಲಿನಲ್ಲಿ ಮಲಗಿಸಿದ ಬಾಲಯೇಸುವಿಗೆ ಹಾಡುವ ಎರಡು ಚರಣದ ಜೋಗುಳ. ನಮ್ಮವಳು ಬಟ್ಟೆ ಒಗೆಯುವಾಗಲೂ ಅದನ್ನೇ ಗುನುಗುತ್ತಿದ್ದಳು. ಸುತ್ತಲಿನ ಇಗರ್ಜಿಗಳಲ್ಲಿ ಅದು ಗೊತ್ತಿಲ್ಲದವರಿಲ್ಲ, ಬರೆದವರು ಯಾರೆಂದು ಗೊತ್ತಿದ್ದವರೂ ಇಲ್ಲ. ಕೊನೆಗೆ ಗಾಯನ ಮಂಡಳಿಯ ಹಳಬರೊಬ್ಬರು, "ಆ ರಾಗ ಮೂಡಬಿದಿರೆಯ ಪಿಟೀಲು ಮಾಸ್ಟ್ರದ್ದಲ್ಲವಾ?" ಎಂದರು. ಮರುದಿನವೇ ಬಸ್ಸು ಹತ್ತಿದೆ.

ಮಾಸ್ಟ್ರಿಗೆ ಎಪ್ಪತ್ತು ದಾಟಿತ್ತು. ಪಾರ್ಶ್ವವಾಯು ಬಡಿದು ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಪಿಟೀಲನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ನಾನು ಬಂದ ಕಾರಣ ಹೇಳಿದೆ.

"ರಾಗ ನನ್ನದು. ಮಾತು ಬಾಯಿಯದ್ದು," ಎಂದರು. ಅಕ್ಕನನ್ನು ನಮ್ಮವರು ಬಾಯಿ ಎನ್ನುತ್ತಾರೆ. "ಪಾಣೆಮಂಗಳೂರಿನಲ್ಲಿದ್ದಾಳೆ. ನಾವು ಮಾತು ಬಿಟ್ಟು ಇಪ್ಪತ್ತಾರು ವರ್ಷ ಆಯ್ತು. ಅವಳು ಬೇಡ ಅಂದರೆ ನನ್ನ ಹೆಸರನ್ನೂ ಹಾಕಬೇಡಿ."

ಅವರ ಹತ್ತಿರ ಅಕ್ಕನ ಫೋನ್ ನಂಬರ್ ಇತ್ತು. ಫೋನು ಮಾಡಿ ಕೇಳಿದ್ದರೆ ಸಾಕಿತ್ತು. ನಾನು ಮಾಡಲಿಲ್ಲ. ಒಂದು ಇಡೀ ದಿನಕ್ಕೆ ಕೆಲಸ ಸಿಕ್ಕಿದ್ದನ್ನು ಎರಡು ನಿಮಿಷದಲ್ಲಿ ಮುಗಿಸಲು ಮನಸ್ಸಾಗಲಿಲ್ಲ. ಬಿ.ಸಿ. ರೋಡಿನಲ್ಲಿ ಇಳಿದು, ಹೊಳೆ ದಾಟಿ, ಪೇಟೆಯ ಹಿಂದಿನ ಓಣಿಯಲ್ಲಿದ್ದ ಅವರ ಮನೆ ಹುಡುಕಿಕೊಂಡು ಹೋದೆ.

ಬಾಗಿಲು ತೆರೆದವರು ಬಿಳಿಕೂದಲಿನ, ಸಣ್ಣ ಜೀವದ ಹೆಂಗಸು. ಬೆಳ್ತಂಗಡಿಯ ಕಡೆ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ಮದುವೆಯಾಗಿರಲಿಲ್ಲ.

"ಇಷ್ಟಕ್ಕೆ ಸಿದ್ಧಕಟ್ಟೆಯಿಂದ ಬಂದದ್ದಾ? ಫೋನಿನಲ್ಲಿ ಕೇಳಬಹುದಿತ್ತಲ್ಲ?"

"ನೆಟ್‌ವರ್ಕ್ ಸರಿ ಇಲ್ಲ ಬಾಯಿ," ಎಂದೆ. ಅವರು ನನ್ನ ಮುಖ ನೋಡಿದರು. ಮತ್ತೆ ಕೇಳದೆ ಚಾ ಮಾಡಲು ಹೋದರು.

ಚಾ ಕುಡಿಯುವಾಗ ಕೇಳಿದರು, "ಎಷ್ಟು ಚರಣ ಟೈಪ್ ಮಾಡಿದ್ದೀರಿ?"

"ಎರಡು. ಇರುವುದೇ ಎರಡಲ್ಲವಾ?"

"ಮೂರು ಉಂಟು."

ಒಳಗೆ ಹೋಗಿ ಪ್ರಾರ್ಥನೆಯ ಪುಸ್ತಕದಿಂದ ಮಡಚಿದ ಒಂದು ಹಾಳೆ ತಂದರು. ಆಸ್ಪತ್ರೆಯ ಚೀಟಿಯ ಹಿಂಬದಿಯಲ್ಲಿ ಬರೆದದ್ದು. ಮೊದಲೆರಡು ಚರಣಗಳಲ್ಲಿ ಕುರುಬರು ಬರುತ್ತಾರೆ, ದೇವದೂತರು ಹಾಡುತ್ತಾರೆ. ಮೂರನೆಯದು ಕೇಳುತ್ತದೆ: ಆ ಚಳಿಯಲ್ಲಿ ನೀರು ಬಿಸಿ ಮಾಡಿದವಳು ಯಾರು? ಹೊಕ್ಕುಳಬಳ್ಳಿ ಕತ್ತರಿಸಿದವಳು ಯಾರು? ಬಾಣಂತಿಯ ಹಣೆಯ ಬೆವರು ಒರಸಿ, ಎಲ್ಲರೂ ಬರುವ ಮೊದಲೇ ಬಾಗಿಲ ಮರೆಗೆ ಸರಿದವಳು ಯಾರು?

ನಾನು ಇನ್ನೊಮ್ಮೆ ಮೊದಲಿನಿಂದ ಓದಿದೆ.

"ಪ್ರತಿ ಕ್ರಿಸ್ಮಸ್ಸಿಗೂ ಡ್ಯೂಟಿ ನನಗೇ," ಎಂದರು. "ಮದುವೆಯಾದವರಿಗೆ ರಜೆ ಕೊಡಬೇಕಲ್ಲ. ಹಾಗೆ ಒಂದು ವರ್ಷ ವಾರ್ಡಿನಲ್ಲಿ ಕೂತು ಬರೆದದ್ದು. ತಮ್ಮ ರಾಗ ಹಾಕಿದ. ಇಗರ್ಜಿಯ ಹಾಡಿನ ಪುಸ್ತಕ ಬಂದಾಗ ನೋಡಿದರೆ ಎರಡೇ ಚರಣ. ಕೇಳಿದ್ದಕ್ಕೆ, ಹೆರಿಗೆಯ ವಿಷಯ ಇಗರ್ಜಿಯಲ್ಲಿ ಹಾಡುವಂಥದ್ದಲ್ಲ ಅಂತ ಆಗಿನ ಫಾದರ್ ಹೇಳಿದರಂತೆ. ನನ್ನನ್ನು ಒಂದು ಮಾತು ಕೇಳಲಿಲ್ಲ." ಲೋಟ ಕೆಳಗಿಟ್ಟರು. "ಮೊದಲ ಎರಡು ಯಾರು ಬೇಕಾದರೂ ಬರೆಯಬಹುದು ಮಾರಾಯ್ರೆ. ಮೂರನೆಯದಕ್ಕಾಗಿಯೇ ಆ ಎರಡನ್ನು ಬರೆದದ್ದು."

"ಹೆಸರು?"

"ಮೂರೂ ಹಾಕುವುದಾದರೆ ಹಾಕಿ. ಇಲ್ಲವಾದರೆ ಬೇಡ."

ಈಗಿನ ಫಾದರ್ ಓದಿ, "ಇದನ್ನು ಯಾಕೆ ಬಿಟ್ಟರು?" ಎಂದು ಕೇಳಿದರು. ಅವರದ್ದು ತಕರಾರಿರಲಿಲ್ಲ. ಮೂರನೆಯದರ ರಾಗ ಕೇಳಲು ಹಾಳೆಯ ಪ್ರತಿ ತೆಗೆದುಕೊಂಡು ಮತ್ತೆ ಮೂಡಬಿದಿರೆಗೆ ಹೋದೆ. ಮಾಸ್ಟ್ರು ಕಾಗದವನ್ನು ಬಲಗೈಯಲ್ಲಿ ಹಿಡಿದು ಗುನುಗತೊಡಗಿದರು. ಮೂರನೆಯ ಸಾಲಿನಲ್ಲಿ ರಾಗ ಸಿಕ್ಕಿಕೊಂಡಿತು. ಮೊದಲಿನಿಂದ ಶುರು ಮಾಡಿದರು. ಅಲ್ಲೇ ಮತ್ತೆ ನಿಂತಿತು.

"ಒಂದು ಸಾಲು ಹೆಚ್ಚು ಉಂಟು," ಎಂದರು. "ಆಗಲೂ ಇಲ್ಲೇ ಸಿಕ್ಕಿಬಿದ್ದದ್ದು." ಆಮೇಲೆ ಗೋಡೆ ನೋಡುತ್ತಾ ಹೇಳಿದರು: "ಫಾದರ್ ಬೇಡ ಅಂದದ್ದು ಹೌದು. ಆದರೆ ಅದಕ್ಕೂ ಮೊದಲೇ ನಾನು ಸೋತಿದ್ದೆ. ಅವರು ಬೇಡ ಅಂದಾಗ ನನಗೆ ಬಚಾವಾದ ಹಾಗೆ ಆಯ್ತು. ಇದನ್ನು ಬಾಯಿಗೆ ಹೇಳಲಿಲ್ಲ. ನನ್ನ ಕೈಯಲ್ಲಿ ಆಗಲಿಲ್ಲ ಅಂತ ಹೇಳಲಿಕ್ಕೆ ನಾಚಿಕೆ."

ಒಂದು ವಾರ ಬಿಟ್ಟು ಅವರೇ ಫೋನು ಮಾಡಿದರು. "ಬನ್ನಿ. ಬರುವಾಗ ಬಾಯಿಯ ನಂಬರ್ ನಿಮ್ಮ ಮೊಬೈಲಿನಲ್ಲಿ ಇರಲಿ. ನನ್ನದರಿಂದ ಮಾಡಿದರೆ ಎತ್ತಲಿಕ್ಕಿಲ್ಲ."

ಹೋದೆ. ನಂಬರ್ ಒತ್ತಿ, ಸ್ಪೀಕರಿಗೆ ಹಾಕಿ, ಮೊಬೈಲನ್ನು ಅವರ ಮುಂದಿನ ಸ್ಟೂಲಿನ ಮೇಲಿಟ್ಟೆ. "ಬಾಯಿ, ನಾನು ಸಿದ್ಧಕಟ್ಟೆಯವನು. ಸ್ವಲ್ಪ ಕೇಳಿ," ಎಂದೆ. ಮಾಸ್ಟ್ರು ಕಣ್ಣು ಮುಚ್ಚಿ ಹಾಡಿದರು. ತುಟಿ ಒಂದು ಬದಿಗೆ ಓರೆಯಾಗಿದ್ದರಿಂದ ಕೆಲವು ಅಕ್ಷರ ಜಾರುತ್ತಿದ್ದವು, ಸ್ವರ ಮಾತ್ರ ಜಾರಲಿಲ್ಲ. ಹಾಡು ಮುಗಿಯಿತು. ಲೈನು ಕಡಿದುಹೋಯಿತೋ ಎಂದು ನಾನು ಬಗ್ಗಿ ನೋಡಿದೆ.

"ನಾಲ್ಕನೇ ಸಾಲಿನಲ್ಲಿ ಉಸಿರು ತೆಗೆಯಲಿಕ್ಕೆ ಜಾಗವೇ ಇಲ್ಲ," ಎಂದಿತು ಆ ಧ್ವನಿ.

"ಉಂಟು ಬಾಯಿ. 'ಬೆವರು' ಅಂದಲ್ಲಿ ನಿಲ್ಲಬೇಕು."

"ಹಾಗಾದರೆ ನಿಂತು ಹಾಡು."

ಮತ್ತೆ ಹಾಡಿದರು. ಆಮೇಲೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು: "ಬಾಯಿ, ಆಗ ರಾಗ ಕೂರಿಸಲಿಕ್ಕೆ ಆಗದ್ದು ನನಗೇ. ಫಾದರಿನ ಹೆಸರು ಹೇಳಿದ್ದು."

"ಗೊತ್ತಿತ್ತು," ಎಂದರು ಅವರು. "ಈಗ ಸರಿ ಉಂಟು." ಫೋನು ಇಟ್ಟರು.

ಮಾಸ್ಟ್ರು ಅಳುತ್ತಿದ್ದರು. ಬಲಗೈಯಲ್ಲಿ ಕಾಗದವಿದ್ದುದರಿಂದ ಕಣ್ಣು ಒರಸಿಕೊಳ್ಳಲೂ ಆಗುತ್ತಿರಲಿಲ್ಲ. ನಾನು ಕಾಗದ ತೆಗೆದುಕೊಂಡೆ.

ಕ್ರಿಸ್ಮಸ್ ದಿನ ಬೆಳಗ್ಗಿನ ಪೂಜೆಯಲ್ಲಿ ಮೂರೂ ಚರಣ ಹಾಡಿದರು. ಮೂರನೆಯದಕ್ಕೆ ಜನ ಹೊಸ ಪುಸ್ತಕ ತಡಕಾಡಿದರು; ಹಾಡಿನ ಕೆಳಗೆ ಇಬ್ಬರ ಹೆಸರೂ ಇತ್ತು. ಹೆಂಗಸರ ಸಾಲಿನಲ್ಲಿ ಒಬ್ಬ ಮುದುಕಿ ಎದ್ದು ನಿಂತಳು. ಯಾಕೆ ನಿಂತಳೆಂದು ತಿಳಿಯಲಿಲ್ಲ. ಅಕ್ಕ ತಮ್ಮ ಇಬ್ಬರೂ ಬಂದಿರಲಿಲ್ಲ. ಪೂಜೆ ಬಿಟ್ಟ ಮೇಲೆ ಮನೆಮನೆಯವರು ಗುಂಪಾಗಿ ಹೊರಟರು, ನಾನು ಗೋದಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಮನೆಗೆ ಬಂದೆ.

ಜನವರಿಯಲ್ಲಿ ಮಾಸ್ಟ್ರನ್ನು ಬಾಡಿಗೆ ಕಾರಿನಲ್ಲಿ ಪಾಣೆಮಂಗಳೂರಿಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ಅಕ್ಕ ತಮ್ಮನ ಜಡಗೈಯನ್ನು ಎತ್ತಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು, ನರ್ಸ್ ನೋಡುವ ಹಾಗೆ. "ವ್ಯಾಯಾಮ ಮಾಡ್ತಾ ಇಲ್ಲ ನೀನು," ಎಂದು ಬೈದರು. ಆಮೇಲೆ ಇಬ್ಬರೂ ಕೂತು ತಮ್ಮ ಊರಿನ ಕಥೆ ಎತ್ತಿಕೊಂಡರು. ಸತ್ತುಹೋದ ಒಬ್ಬ ಚಿಕ್ಕಪ್ಪ, ಬಾವಿಗೆ ಬಿದ್ದ ಒಂದು ಕರು. ನನಗೆ ಯಾವುದೂ ಗೊತ್ತಿಲ್ಲದ್ದು. "ಸ್ವಲ್ಪ ಪೇಟೆಗೆ ಹೋಗಿ ಬರ್ತೇನೆ," ಎಂದೆ. ಇಬ್ಬರೂ ತಲೆ ಆಡಿಸಿದರು, ಮಾತು ನಿಲ್ಲಿಸಲಿಲ್ಲ. ನೇತ್ರಾವತಿಯ ಸೇತುವೆಯ ಮೇಲೆ ಒಂದು ಗಂಟೆ ನಿಂತಿದ್ದೆ.

ಮಾಸ್ಟ್ರು ಆಮೇಲೆ ಅಲ್ಲೇ ಉಳಿದರು. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಸುಮ್ಮನೆ ಫೋನು ಮಾಡಿದೆ.

"ಹೌದಾ, ನೀವಾ? ತಮ್ಮನಿಗೆ ಊಟ ಬಡಿಸುತ್ತಿದ್ದೇನೆ. ಆಮೇಲೆ ಮಾತಾಡುವ," ಎಂದರು ಬಾಯಿ. ಹಿಂದಿನಿಂದ ಮಾಸ್ಟ್ರು ಏನೋ ಹೇಳಿದರು, ಬಾಯಿ ನಕ್ಕರು.

ಒಳ್ಳೆಯದೇ ಆಯಿತು ಎಂದುಕೊಂಡೆ. ಅದು ಸುಳ್ಳಲ್ಲ. ಆದರೆ ಅವರಿಬ್ಬರ ಮೇಲೆ ಹೊಟ್ಟೆಕಿಚ್ಚಾದದ್ದೂ ಸುಳ್ಳಲ್ಲ. ಎದ್ದು ಒಲೆ ಹಚ್ಚಿದೆ. ಸಂಜೆಯವರೆಗೆ ಕಾದೆ. ಫೋನು ಬರಲಿಲ್ಲ, ನಾನೂ ಮತ್ತೆ ಮಾಡಲಿಲ್ಲ.