ಮೆಟ್ಟಿಲ ಮೇಲಿನ ಎರಡು ಜೊತೆ

ನಮ್ಮ ಮನೆಯ ಮುಂದಿನ ಮೆಟ್ಟಿಲುಗಳು ಕೆಂಪು ಗಾರೆಯವು, ನಡುವೆ ಸವೆದು ತುಸು ತಗ್ಗಾದವು. ಬಸವನಗುಡಿಯ ಈ ಬೀದಿಯಲ್ಲಿ ಅಕ್ಕಪಕ್ಕದ ಮನೆಗಳೆಲ್ಲ ಫ್ಲ್ಯಾಟುಗಳಾಗಿ ಎದ್ದು ನಿಂತ ಮೇಲೂ ಇವು ಉಳಿದುಕೊಂಡಿರುವುದಕ್ಕೆ ಕಾರಣ ನನ್ನ ಪರಂಪರಾಭಿಮಾನವೇನಲ್ಲ, ಬಿಲ್ಡರುಗಳ ಜೊತೆ ಮಾತಾಡಲು ನನಗಿರುವ ಸೋಮಾರಿತನ. ಬಂದವರು ಆ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಒಂದು ಮನೆಯ ಸಮಾಚಾರವನ್ನು ಅದರ ಹೊರಗಿನ ಚಪ್ಪಲಿಗಳಷ್ಟು ಧಾರಾಳವಾಗಿ ಹೇಳಿಬಿಡುವವರು ಬೇರೆ ಯಾರೂ ಇಲ್ಲ, ಗೆಳೆಯರೇ. ಹಿಮ್ಮಡಿ ಒಂದೇ ಕಡೆ ಸವೆದ ಜೊತೆ ಕಂಡರೆ ಎದುರುಮನೆಯಾಕೆ ಬಂದಿದ್ದಾರೆ, ಕಾಫಿ ಕುಡಿಯದೆ ಏಳುವುದಿಲ್ಲ ಎಂದರ್ಥ. ಒಂದರ ಮೇಲೊಂದು ಬಿದ್ದ ಬೂಟುಗಳಿದ್ದರೆ ತಂಗಿಯ ಮೊಮ್ಮಕ್ಕಳು ಬಂದಿದ್ದಾರೆ, ಮನೆ ಇನ್ನು ನನ್ನದಲ್ಲ ಎಂದರ್ಥ. ಒಂದೇ ಜೊತೆ ಇದ್ದರೆ ನಾನು ಒಬ್ಬಳೇ ಇದ್ದೇನೆ, ಬಹುಶಃ ನಿದ್ದೆ ಮಾಡುತ್ತಿದ್ದೇನೆ. ಈ ಮೌನದ ಚಾಡಿಕೋರತನ ನನಗೆ ಸದಾ ಮೋಜಿನ ಸಂಗತಿಯಾಗಿತ್ತು.

ಅದು ಮೋಜಾಗಿ ಉಳಿಯದಂತೆ ಮಾಡಿದವಳು ನಮ್ಮ ಮುಂದಿನ ಕೋಣೆಗೆ ಬಾಡಿಗೆಗೆ ಬಂದ ಹುಡುಗಿ. ಅವಳನ್ನು ಇಲ್ಲಿ ನೂರಿ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಅವಳ ದೇಶದ ಹೆಸರನ್ನೂ ಬರೆಯುವುದಿಲ್ಲ. ಆಶ್ರಯ ಬೇಡಿ ಅವಳು ಹಾಕಿಕೊಂಡ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ, ಎಲ್ಲೂ ಹೇಳಬೇಡಿ ಎಂದು ಲಾಯರು ನನಗೆ ತಾಕೀತು ಮಾಡಿದ್ದಾರೆ. ಇಲ್ಲಿ ಬಿ.ಕಾಂ. ಓದಲು ಬಂದವಳು ಹಾಸ್ಟೆಲಿನ ಗೆಳತಿಯರಿಂದಲೂ ಗಾಂಧಿ ಬಜಾರಿನ ತರಕಾರಿಯವರಿಂದಲೂ ಕನ್ನಡ ಕಲಿತಿದ್ದಳು. ಅವಳಿಗಿದ್ದ ಒಂದೇ ವಿಚಿತ್ರ ಅಭ್ಯಾಸವೆಂದರೆ ಚಪ್ಪಲಿಯನ್ನು ಹೊರಗೆ ಬಿಡದಿರುವುದು. ಕೊನೆಯ ಮೆಟ್ಟಿಲಲ್ಲಿ ಕಳಚಿ, ಅಡಿಗೆ ಅಡಿ ಸೇರಿಸಿ, ಹಳೆಯ ಪೇಪರಿನಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಆ ಕೋಣೆಯ ಗೋಡೆಯಾಚೆ ನಮ್ಮ ದೇವರ ಮನೆ. ನಾನೇನು ಮಡಿ ಹೆಂಗಸಲ್ಲ, ಆದರೂ ದೇವರ ಬೆನ್ನಿಗೆ ಚಪ್ಪಲಿ ತಾಗಿಕೊಂಡಿದೆಯೆಂದರೆ ಊದುಬತ್ತಿ ಹಚ್ಚುವಾಗ ಕೈ ಒಂದಿಷ್ಟು ತಡವರಿಸುತ್ತದೆ. ಕೊನೆಗೆ ಮೆಟ್ಟಿಲ ಪಕ್ಕಕ್ಕೊಂದು ಚಪ್ಪಲಿ ಸ್ಟ್ಯಾಂಡನ್ನೇ ತಂದಿಟ್ಟೆ.

"ಬೇಡ ಆಂಟಿ, ಒಳಗೇ ಇರ್ಲಿ. ಕಳ್ಳರು ಬರ್ತಾರೆ" ಎಂದಳು.

"ನಿನ್ನ ಚಪ್ಪಲಿ ಕದಿಯೋ ಕಳ್ಳ ಬಂದ್ರೆ ಅವನಿಗೆ ನಾನೇ ಕಾಫಿ ಕೊಡ್ತೀನಿ" ಎಂದೆ. ಅವಳು ನಕ್ಕಳು, ಚಪ್ಪಲಿ ಮಾತ್ರ ಒಳಗೇ ಹೋಯಿತು.

ಓದು ಮುಗಿಯಿತು, ವೀಸಾದ ಅವಧಿಯೂ ಮುಗಿಯುತ್ತ ಬಂತು, ಊರಿಗೆ ಮಾತ್ರ ಅವಳು ಹೋಗುವಂತಿರಲಿಲ್ಲ. ಅವಳ ಮನೆಯವರದು ಅಲ್ಲಿ ಒಟ್ಟುಗೂಡಿ ಪ್ರಾರ್ಥಿಸುವುದೂ ಅಪರಾಧವಾಗಿರುವ ಒಂದು ಸಣ್ಣ ಪಂಥ. ರಜೆಗೆಂದು ಅವಳು ಊರಿಗೆ ಹೋಗಿದ್ದಾಗಲೇ ಬಂದೂಕಿನವರು ಮನೆಗೆ ನುಗ್ಗಿ ಅಪ್ಪನನ್ನೂ ಅಣ್ಣನನ್ನೂ ಎಳೆದೊಯ್ದರು. ಅಪ್ಪನ ಹೆಣ ಬಂತು, ಅಣ್ಣ ಇನ್ನೂ ಬಂದಿಲ್ಲ. ತಪ್ಪಿಸಿಕೊಂಡ ಮಗಳು ಎಲ್ಲಿ ಎಂದು ತಾಯಿಯನ್ನು ಈಗಲೂ ಬಂದು ಕೇಳುತ್ತಾರಂತೆ. ದೆಹಲಿಯಲ್ಲಿ ನಿರಾಶ್ರಿತರ ಅರ್ಜಿಗಳನ್ನು ನೋಡುವ ಒಂದು ಕಚೇರಿಯಿದೆ. ಅಲ್ಲಿನವರು ವಿಡಿಯೋದಲ್ಲಿ ಅವಳನ್ನು ಎರಡು ಸಲ ವಿಚಾರಿಸಿದರು. ಆಮೇಲೆ ತಿರಸ್ಕಾರದ ಪತ್ರ ಬಂತು. ಮನೆಯೊಳಗೆ ಜನರಿದ್ದಾರೆಂದು ಬಂದೂಕಿನವರಿಗೆ ತಿಳಿದದ್ದು ಹೇಗೆ ಎಂಬ ಪ್ರಶ್ನೆಗೆ ಅವಳು ಒಮ್ಮೆ ಪಕ್ಕದ ಮನೆಯವರು ಹೇಳಿರಬೇಕು ಎಂದಿದ್ದಳು, ಇನ್ನೊಮ್ಮೆ ಗೊತ್ತಿಲ್ಲ ಎಂದಿದ್ದಳು. ಹೇಳಿಕೆ ನಂಬಲರ್ಹವಾಗಿಲ್ಲ ಎಂದು ಬರೆದಿದ್ದರು. ಮೇಲ್ಮನವಿಗೆ ಒಂದು ತಿಂಗಳಿತ್ತು, ಅದೂ ಬಿದ್ದರೆ ವಿಮಾನ ಹತ್ತಿಸುತ್ತಾರೆ ಎಂಬ ಭಯವಿತ್ತು.

ನಾನು ನೌಕರಿಯ ಬಹುಪಾಲನ್ನು ವಿಮಾ ಕಚೇರಿಯಲ್ಲಿ, ಸತ್ತವರ ಮನೆಯವರು ತರುವ ಕ್ಲೇಮುಗಳನ್ನು ನೋಡುವ ಮೇಜಿನ ಹಿಂದೆ ಕಳೆದವಳು. ಗಂಡ ಸತ್ತ ದಿನವನ್ನೇ ತಪ್ಪು ಹೇಳುವ ಹೆಂಗಸರನ್ನು ಕಂಡಿದ್ದೇನೆ, ಅವರಲ್ಲಿ ಸುಳ್ಳು ಹೇಳಲು ಬಂದವರು ಬಲು ಕಡಿಮೆ. ದುಃಖಕ್ಕೆ ಹಿಂದುಮುಂದುಗಳ ಪರಿವೆ ಇರುವುದಿಲ್ಲ, ಕಚೇರಿಗೆ ಹಿಂದುಮುಂದುಗಳಲ್ಲದೆ ಬೇರೇನೂ ಬೇಕಾಗುವುದಿಲ್ಲ. ಇವೆರಡೂ ಒಂದೇ ಮೇಜಿನ ಎರಡು ಬದಿಗೆ ಕುಳಿತು ಮಾತಾಡಬೇಕೆಂಬುದು ಲೋಕದ ಏರ್ಪಾಡು. ಆಶ್ರಯ ಎಂಬ ಮಾತು ಕೇಳಲು ಎಷ್ಟು ತಣ್ಣಗಿದೆ! ಆದರೆ ಬಳ್ಳಿಗೆ ಆಶ್ರಯ ಕೊಡುವ ಮರ, ನಿನ್ನನ್ನು ಮೊದಲಿದ್ದಲ್ಲಿಂದ ಕಿತ್ತವರು ಯಾರು, ಅದಕ್ಕೆ ಸಾಕ್ಷಿಯೇನು ಎಂದು ಬಳ್ಳಿಯನ್ನು ಕೇಳುವುದಿಲ್ಲ. ಮನುಷ್ಯರು ಕೇಳುತ್ತಾರೆ, ಕೇಳದೆ ಅವರಿಗೆ ವಿಧಿಯೂ ಇಲ್ಲ. ಅದು ಗೊತ್ತಿದ್ದೂ ನನಗೆ ಆ ಪತ್ರದ ಮೇಲೆ ಕೆಟ್ಟ ಸಿಟ್ಟು ಬಂತು.

ನನ್ನ ತಂಗಿಯ ಸಹಪಾಠಿ ಸುಧಾ ವಕೀಲೆ. ಚಾಮರಾಜಪೇಟೆಯಲ್ಲಿ ಗ್ರಂಧಿಗೆ ಅಂಗಡಿಯೊಂದರ ಮೇಲೆ ಅವಳ ಆಫೀಸು. ಕೆಳಗಿನಿಂದ ಬಜೆ, ಅಳಲೆಕಾಯಿಗಳ ವಾಸನೆ ಅವಳ ಕಾನೂನು ಪುಸ್ತಕಗಳವರೆಗೂ ಏರಿಬರುತ್ತದೆ. ನೂರಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಬಾಗಿಲಾಚೆ ಕಕ್ಷಿದಾರರ ಚಪ್ಪಲಿಗಳ ಗುಂಪಿತ್ತು. ನಾನು ನನ್ನದನ್ನು ಅದರೊಳಕ್ಕೆ ಸೇರಿಸಿದೆ. ನೂರಿ ತನ್ನದನ್ನು ಕೈಯಲ್ಲಿ ಹಿಡಿದು ಬಂದು ಕುರ್ಚಿಯ ಕೆಳಗಿಟ್ಟುಕೊಂಡಳು.

ಸುಧಾ ಪತ್ರವನ್ನು ಎರಡು ಸಲ ಓದಿದಳು. "ನೋಡಮ್ಮ, ನಮ್ಮಲ್ಲಿ ನಿರಾಶ್ರಿತರಿಗೆ ಅಂತ ಬೇರೆ ಕಾನೂನೇ ಇಲ್ಲ. ದೆಹಲಿಯವರು ಒಪ್ಪಿದ್ರೆ ಅದನ್ನ ಹಿಡ್ಕೊಂಡು ಇಲ್ಲಿ ಇರೋಕೆ ಪರ್ಮಿಷನ್ ಕೇಳ್ಬಹುದು, ಬೇಕಾದ್ರೆ ಕೋರ್ಟಿಗೂ ಹೋಗ್ಬಹುದು. ಅವರೇ ಇಲ್ಲ ಅಂದ್ರೆ ನನ್ನ ಕೈ ಕಟ್ಟಿದ ಹಾಗೆ. ಈಗ ಹೇಳು, ಅವರಿಗೆ ಹೇಗೆ ಗೊತ್ತಾಯ್ತು?"

ಸುಧಾ ಬೇರೆ ಬೇರೆ ರೀತಿಯಲ್ಲಿ ಕೇಳಿದಳು, ನೀರು ಕುಡಿಸಿದಳು, ಕೊನೆಗೆ ಸೋತವಳಂತೆ ಪೆನ್ನು ಕೆಳಗಿಟ್ಟಾಗ ಅವಳ ಕಣ್ಣು ಕುರ್ಚಿಯ ಕೆಳಗೆ ಹೋಯಿತು.

"ಅದ್ಯಾಕೆ ಚಪ್ಪಲಿ ಒಳಗೆ ತಂದಿದೀಯ?"

ಇಷ್ಟಕ್ಕೇ ಆ ಹುಡುಗಿ ಅಳತೊಡಗಿದಳು. ನಾನು ವರ್ಷಗಳಿಂದ ತಮಾಷೆ ಮಾಡುತ್ತಿದ್ದುದು ಏನನ್ನು ಎಂಬುದು ಆಮೇಲಿನ ಅರ್ಧ ಗಂಟೆಯಲ್ಲಿ ತಿಳಿಯಿತು. ಅವರ ಮನೆಯಲ್ಲಿ ವಾರಕ್ಕೊಮ್ಮೆ ಗುಟ್ಟಾಗಿ ಪ್ರಾರ್ಥನೆ ನಡೆಯುತ್ತಿತ್ತು. ಬಂದವರೆಲ್ಲ ಚಪ್ಪಲಿಗಳನ್ನು ಒಳಗೆ ತಂದು ಕಂಬಳಿಯ ಅಡಿ ಮುಚ್ಚಿಡಬೇಕು. ಮದುವೆಗೋ ಮಸಣಕ್ಕೋ ಮನೆಯವರೆಲ್ಲ ಹೋಗಿದ್ದಾರೆ ಎಂಬಂತೆ ಮುಂಬಾಗಿಲಿಗೆ ಹೊರಗಿನಿಂದ ಬೀಗ ಬೀಳಬೇಕು. ಆ ದಿನ ರೊಟ್ಟಿ ತರಲು ಹೋಗಿದ್ದ ತಾಯಿ ಹಿತ್ತಿಲ ಬಾಗಿಲಿನಿಂದ ಬಂದಳು. ಎರಡೂ ಕೈ ತುಂಬಿದ್ದವು. ಹುಟ್ಟಿದಂದಿನಿಂದ ಮಾಡುತ್ತ ಬಂದ ಹಾಗೆ ಚಪ್ಪಲಿಯನ್ನು ಹೊಸ್ತಿಲಾಚೆ ಕಳಚಿ ಒಳಗೆ ನಡೆದಳು.

"ನಾನು ಟೆರೇಸ್ ಮೇಲಿದ್ದೆ ಮೇಡಂ. ಒಬ್ಬ ಬಂದು ಬೀಗ ನೋಡಿ ವಾಪಸ್ ಹೋಗ್ತಿದ್ದ. ಹಿಂದ್ಗಡೆ ಬಂದ. ಅಮ್ಮನ ಚಪ್ಪಲಿ ಎತ್ಕೊಂಡು ಎಲ್ಲರಿಗೂ ತೋರಿಸ್ದ. ನಾನು ಪಕ್ಕದ ಮನೆಗೆ ಹಾರಿಬಿಟ್ಟೆ. ಅಮ್ಮಂಗೆ ಇದು ಗೊತ್ತಿಲ್ಲ. ಯಾರೋ ಹೇಳ್ಕೊಟ್ರು ಅಂದ್ಕೊಂಡಿದಾಳೆ."

ಸುಧಾ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡು, "ಇದನ್ನೇ ಬರೀಬೇಕು" ಎಂದಳು.

"ಬೇಡ ಮೇಡಂ. ನಾನು ಬಿಟ್ಟೆ ಅಂತ ಬರೀರಿ. ನನ್ನ ಚಪ್ಪಲಿ ಅಂತ."

"ಸುಳ್ಳು ಬರೆಯೋಕಾಗಲ್ಲ ಕಣಮ್ಮ. ಟೆರೇಸ್ ಮೇಲಿದ್ದೋಳ ಚಪ್ಪಲಿ ಹಿತ್ತಲಿಗೆ ಹೇಗೆ ಬಂತು ಅಂತಾರೆ. ಇನ್ನೊಂದು ತಪ್ಪು ಸಿಕ್ಕಿದ್ರೆ ಎಲ್ಲ ಮುಗೀತು. ಇದು ದೆಹಲಿಯಲ್ಲಿ ಯಾವುದೋ ಬೀರುವಿನಲ್ಲಿರುತ್ತೆ, ಅಷ್ಟೆ. ನಿಮ್ಮಮ್ಮಂಗೆ ಯಾರೂ ಹೇಳಲ್ಲ."

"ಕಾಗದದಲ್ಲಿ ಇರುತ್ತಲ್ಲ ಮೇಡಂ" ಎಂದಳು ನೂರಿ.

ಈ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಜೀವ ಉಳಿಸಿಕೊಳ್ಳಲು ಒಬ್ಬಳು ಏನನ್ನು ಒತ್ತೆಯಿಡಬೇಕಾಗುತ್ತದೆ ನೋಡಿ! ಮನೆ, ಊರು, ಅಪ್ಪ, ಅಣ್ಣ ಎಲ್ಲ ಹೋದಮೇಲೂ ಅವಳು ಕಾಪಾಡಿಕೊಂಡು ಬಂದದ್ದು ಒಂದಿತ್ತು: ಅಮ್ಮ ಏನೂ ತಪ್ಪು ಮಾಡಿಲ್ಲ ಎಂಬ, ತಾನೊಬ್ಬಳೇ ಬಾಯಿ ಮುಚ್ಚಿಕೊಂಡು ಹೊತ್ತ ಸುಳ್ಳು. ಪರದೇಶದ ಬಾಗಿಲು ತೆರೆಯಬೇಕಾದರೆ ಅದನ್ನೇ ಕೊಡಬೇಕಿತ್ತು. ರೊಟ್ಟಿ ಹಿಡಿದ ಹೆಂಗಸೊಬ್ಬಳು ಹೊಸ್ತಿಲಲ್ಲಿ ಚಪ್ಪಲಿ ಬಿಡುವುದು ಯಾವ ಲೋಕದಲ್ಲಿ ತಪ್ಪು? ಆದರೆ ಅರ್ಜಿಯ ವಾಕ್ಯದಲ್ಲಿ ಕೂರಿಸಿದಾಗ ಅದು ಕಾರಣವಾಗುತ್ತದೆ, ಕಾರಣಕ್ಕೊಂದು ಹೆಸರಿರುತ್ತದೆ.

ದಿನಗಳು ಉರುಳಿದವು. ಅವಳು ತಾಯಿಯ ಜೊತೆ ಫೋನಿನಲ್ಲಿ ಎಂದಿನಂತೆ ಮಾತಾಡುವಳು, ಇಟ್ಟ ಮೇಲೆ ಗೋಡೆ ನೋಡುತ್ತ ಕೂರುವಳು. ನಾನು ಬರಿ ಎನ್ನಲಿಲ್ಲ, ಬರೆಯಬೇಡ ಎನ್ನಲೂ ಇಲ್ಲ; ಎರಡಕ್ಕೂ ನನಗೆ ಧೈರ್ಯವಿರಲಿಲ್ಲ. ಗಡುವು ಹತ್ತಿರವಾದಾಗ ಒಂದು ಬೆಳಿಗ್ಗೆ ಅವಳೇ ಬಂದು, "ಆಂಟಿ, ನಾನು ಸತ್ರೆ ಅಮ್ಮಂಗೆ ಯಾರೂ ಇರಲ್ಲ. ಬರೆಯೋಕೆ ಹೇಳ್ತೀನಿ" ಎಂದಳು. ಸುಧಾ ಬರೆದಳು. ನೂರಿ ಪ್ರತಿ ಪುಟಕ್ಕೂ ಸಹಿ ಹಾಕಿದಳು.

ಆ ಸಂಜೆ ಅವಳು ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದಳು. ನನ್ನ ಜೊತೆಯ ಪಕ್ಕದಲ್ಲಿ, ಮೆಟ್ಟಿಲಿನ ಸವೆದ ತಗ್ಗಿನಲ್ಲಿ. ನಾನು ದೀಪ ಹಚ್ಚಿದೆ, ಒಳಗೊಳಗೆ ಕುಣಿಯುವಷ್ಟು ಸಂತೋಷವಾಗಿತ್ತು. ಮರುದಿನವೂ ಬಿಟ್ಟಳು, ಅದರ ಮರುದಿನವೂ. ಈ ಮನೆ ಅವಳಿಗೆ ಮನೆಯಾಯಿತು ಎಂದು ನನ್ನಷ್ಟಕ್ಕೆ ನಾನೇ ತೀರ್ಪು ಬರೆದುಕೊಂಡುಬಿಟ್ಟೆ.

ಹೋದ ವಾರ ಮಧ್ಯಾಹ್ನ ಗೇಟಿನ ಸದ್ದಾಯಿತು. ವಿಳಾಸ ತಪಾಸಣೆಗೆ ಇಬ್ಬರು ಬಂದಿದ್ದರು. ಸಭ್ಯರು, ದನಿ ಎತ್ತಿದವರಲ್ಲ. ವೀಸಾ ಮುಗಿದವರ ಮನೆಗಳಿಗೆ ಹೋಗಿ ನೋಡುವುದು ಅವರ ಕೆಲಸ, ಅದನ್ನು ಮಾಡಲು ಬಂದಿದ್ದರು. ನಾನು ಬಾಗಿಲಲ್ಲಿ ನಿಂತು, ಲಾಯರ ನಂಬರು ಕೊಡುತ್ತೇನೆ, ಅವರ ಜೊತೆ ಮಾತಾಡಿ ಎಂದೆ. ಆಗಲಿ ಎಂದ ಕಿರಿಯವನು ಬರೆದುಕೊಳ್ಳುತ್ತಲೇ ಮೆಟ್ಟಿಲ ಕಡೆ ಬಗ್ಗಿ ನೋಡಿದ. "ಇಬ್ಬರೂ ಮನೇಲೇ ಇದೀರಲ್ವಾ ಮೇಡಂ?" ಎಂದು ನಗುತ್ತ ಕೇಳಿದ.

ನನ್ನ ಹಿಂದೆ ಮುಂದಿನ ಕೋಣೆಯ ಚಿಲಕ ಬಿದ್ದದ್ದು ಕೇಳಿಸಿತು.

ಅವರು ಮತ್ತೆ ಬರುತ್ತೇವೆಂದು ಹೋದರು. ದೆಹಲಿಯಿಂದ ಉತ್ತರ ಇನ್ನೂ ಬಂದಿಲ್ಲ. ಬಂದರೆ ಏನೆಂದು ಬರುತ್ತದೋ ಸುಧಾಳಿಗೂ ಗೊತ್ತಿಲ್ಲ. ಚಪ್ಪಲಿ ಸ್ಟ್ಯಾಂಡನ್ನು ಹಳೆಪೇಪರಿನವನಿಗೆ ಕೊಟ್ಟುಬಿಟ್ಟೆ. ಎರಡೂ ಜೊತೆಗಳು ಈಗ ಅವಳ ಮಂಚದ ಕೆಳಗೆ, ದೇವರ ಮನೆಯ ಗೋಡೆಗೆ ತಾಗಿಕೊಂಡು ಮಲಗಿವೆ. ಊದುಬತ್ತಿ ಹಚ್ಚುವಾಗ ನನ್ನ ಕೈ ತಡವರಿಸುವುದಿಲ್ಲ. ನೀವು ಈ ಕಡೆ ಬಂದರೆ, ಗೆಳೆಯರೇ, ಮೆಟ್ಟಿಲು ಖಾಲಿಯಿದೆ, ಯಾರೂ ಇಲ್ಲ ಎಂದು ತಿರುಗಿ ಹೋಗಬೇಡಿ. ಹೆಸರು ಹಿಡಿದು ಕೂಗಿ, ನಾವು ಒಳಗೇ ಇರುತ್ತೇವೆ. ಬರುವಾಗ ಮಾತ್ರ ನಿಮ್ಮ ಚಪ್ಪಲಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಬನ್ನಿ.