ಅತ್ತೆ ಆರಿಸಿದ ಕಸದ ಮಷಿನ್

ನಮ್ಮ ಅತ್ತೆಗೆ ದಮ್ಮಿನ ಕಾಯಿಲೆ. ಉಳಿದ ದಿನಗಳಲ್ಲಿ ಹೇಗೋ ನಡೆಯುತ್ತದೆ, ತೊಗರಿ ಒಕ್ಕುವ ರಾಶಿ ಶುರುವಾಯಿತೆಂದರೆ ಮಾತ್ರ ಅವರ ಎದೆ ಸಿಳ್ಳೆ ಹೊಡೆಯತೊಡಗುತ್ತದೆ. ಆಳಂದದಲ್ಲಿ ನಮ್ಮ ಮನೆ ರಸ್ತೆಗೆ ಅಂಟಿಕೊಂಡೇ ಇದೆ. ತೊಗರಿ ಹೇರಿಕೊಂಡ ಟ್ರ್ಯಾಕ್ಟರುಗಳು ಬೆಳಗಿನಿಂದ ಸಂಜೆಯವರೆಗೆ ಹಾಯುತ್ತವೆ. ಕಿಟಕಿ ಮುಚ್ಚಿದರೂ ಹೊಟ್ಟಿನ ಧೂಳು ಒಳಗೆ ಬಂದು ಟಿವಿ ಮೇಲೆ, ದೇವರ ಜಗಲಿ ಮೇಲೆ ಕೂರುತ್ತದೆ. ಅದನ್ನು ಕಂಡರೆ ಅತ್ತೆಗೆ ಕೈ ತುರಿಸುತ್ತದೆ, ಕಸಬರಿಗೆ ಹಿಡಿದೇ ಬಿಡುತ್ತಾರೆ. ನಾನು ಕಸಿದುಕೊಂಡು ಬಚ್ಚಿಟ್ಟರೆ ಪಕ್ಕದ ಮನೆಯಿಂದ ಇಸಿದುಕೊಂಡು ಬರುತ್ತಾರೆ. ಕೊನೆಗೆ ಕಲಬುರಗಿಯ ಡಾಕ್ಟರೇ, "ಇನ್ನ ಕಸಬರಿಗಿ ಹಿಡಿಯೂದಿದ್ರ ನನ್ನ ಹತ್ರ ಬರಬ್ಯಾಡ್ರಿ ಅಮ್ಮಾ" ಎಂದು ಗದರಿದರು. ಆ ದಿನ ದವಾಖಾನೆಯಿಂದ ನೇರ ವ್ಯಾಕ್ಯೂಮ್ ಕ್ಲೀನರಿನ ಅಂಗಡಿಗೆ ಹೋದೆವು.

ಅಂಗಡಿಯವರು ಎರಡು ಥರದ್ದು ತೋರಿಸಿದರು. ಒಂದರ ಹೊಟ್ಟೆಯಲ್ಲಿ ಕಾಗದದಂಥ ಚೀಲ. ಎಳೆದುಕೊಂಡ ಧೂಳೆಲ್ಲ ಅದರಲ್ಲಿ ಕೂಡುತ್ತದೆ, ತುಂಬಿದಾಗ ಚೀಲ ಸಮೇತ ಎಸೆದು ಹೊಸದು ಹಾಕಬೇಕು. ಇನ್ನೊಂದಕ್ಕೆ ಚೀಲವಿಲ್ಲ, ಒಂದು ಪ್ಲಾಸ್ಟಿಕ್ ಡಬ್ಬಿ. ಆಗಾಗ ಬಿಚ್ಚಿ ಸುರಿದು ತೊಳೆದಿಟ್ಟರಾಯಿತು. ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಡಬ್ಬಿಯದ್ದೇ ಬೇಕೆಂದು ತೀರ್ಮಾನ ಮಾಡಿಕೊಂಡು ಬಂದವಳು. ಆಳಂದದ ಪೇಟೆಯಲ್ಲಿ ಬೇಕಾದ್ದೆಲ್ಲ ಸಿಕ್ಕೀತು, ಈ ಚೀಲ ಎಲ್ಲಿ ಸಿಗಬೇಕು? ತುಂಬಿದಾಗಲೆಲ್ಲ ಕಲಬುರಗಿಗೋ ಸೋಲಾಪುರಕ್ಕೋ ಓಡುವವರು ಯಾರು? ಓಡುವವಳು ನಾನೇ.

ಅಂಗಡಿಯವರು ಡಬ್ಬಿ ಬಿಚ್ಚಿ ಪೇಪರಿನ ಮೇಲೆ ಸುರಿದು ತೋರಿಸಿದರು. ಧೂಳು ಭುಸ್ಸೆಂದು ಎದ್ದಿತು. ಅತ್ತೆ ಸೆರಗು ಬಾಯಿಗೆ ಹಿಡಿದು ಕೆಮ್ಮಿದರು. ಮುಗಿಯಿತು ನನ್ನ ಡಬ್ಬಿಯ ಕತೆ ಅಂದುಕೊಂಡೆ. ಆದರೆ ಅತ್ತೆಯ ತಲೆಯಲ್ಲಿ ಇದ್ದದ್ದೇ ಬೇರೆ.

"ಕಸ ಇದರಾಗ ಎಷ್ಟೊತ್ತು ಇರ್ತದ್ರಿ?" ಎಂದು ಕೇಳಿದರು.

"ಡಬ್ಬಿದು ದಿನಾ ಖಾಲಿ ಮಾಡ್ಬೇಕ್ರಿ ಅಮ್ಮಾ. ಚೀಲದ್ದಾದ್ರ ತುಂಬೂತನಕ ಒಳಗೇ ಕುಂತಿರ್ತದ."

"ಹಂಗಾರ ಚೀಲದ್ದೇ ಕೊಡ್ರಿ."

ನನ್ನ ಮುಖ ನೋಡಲೇ ಇಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ. ಪಟ್ಟಣ ದಾಟುತ್ತಿದ್ದಂತೆ ಅತ್ತೆ ತಾವೇ ಬಾಯಿ ಬಿಟ್ಟರು. ನಾನು ನಿಂಬರ್ಗಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸಾಲೆ ಮುಗಿಸಿ ಮನೆ ಸೇರುವ ಹೊತ್ತಿಗೆ ದೀಪ ಹಚ್ಚಿ ಆಗಿರುತ್ತದೆ. ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಿದರೆ ಅದರ ಜೊತೆಗೇ ಲಕ್ಷ್ಮಿಯೂ ಹೊರಡುತ್ತಾಳೆಂಬುದು ಅವರ ಲೆಕ್ಕ. ಆ ಹೊತ್ತಿನಲ್ಲಿ ಕಸ ಹೊಡೆಯಲೇಬೇಕಾಗಿ ಬಂದರೆ ಮೂಲೆಗೆ ಒಟ್ಟಿಟ್ಟು ಬೆಳಿಗ್ಗೆ ಚೆಲ್ಲುತ್ತಾರೆ.

"ಚೀಲದಾಗ ಇದ್ರ ಮನ್ಯಾಗ ಇದ್ದಂಗೇ ಬೇ" ಎಂದರು ಅತ್ತೆ. "ನೀ ಸಂಜೀಕ ಬಂದು ಹೊಡದ್ರೂ ಲಕ್ಷ್ಮಿ ಎಲ್ಲಿ ಹೋಗ್ತಾಳ? ಚೀಲದಾಗ ಕುಂದರ್ತಾಳ."

"ಆ ಧೂಳಾಗ ಕುಂತು ಲಕ್ಷ್ಮಿಗೂ ದಮ್ಮು ಹತ್ತೂದಿಲ್ಲೇನ್ರಿ ಅತ್ತಿ?"

"ನಿನ್ನ ಸೈನ್ಸ್ ನಿನ್ನ ಸಾಲ್ಯಾಗ ಇಟ್ಕೊ" ಎಂದು ನಕ್ಕರು. ನಗು ಕೆಮ್ಮಾಯಿತು. ನಾನು ಬೆನ್ನು ತಿಕ್ಕುತ್ತ ಮುನಿಸು ಮರೆತೆ.

ಅಂದಿನಿಂದ ಸಂಜೆ ನಮ್ಮ ಮನೆಯಲ್ಲಿ ಮಷಿನ್ ಗುಂಯ್ ಎನ್ನತೊಡಗಿತು. ಅತ್ತೆ ಮಂಚದ ಮೇಲೆ ಕಾಲು ಮಡಚಿ ಕೂತು, "ಆ ಮೂಲಿ ಬಿಟ್ಟಿ ನೋಡು, ಜಗಲಿ ಕೆಳಗ ಹೊಡಿ" ಎಂದು ಕೈ ತೋರಿಸುವರು. ಅಫಜಲಪುರದ ಕಡೆ ಗೊಬ್ಬೂರಿನಲ್ಲಿರುವ ಮಗಳಿಗೆ ಫೋನು ಮಾಡಿ, "ನಮ್ಮ ಸೊಸಿ ಕಸ ಹೊಡದ್ರ ಒಂಚೂರೂ ಧೂಳ ಏಳೂದಿಲ್ಲ" ಎಂದು ನನಗೆ ಕೇಳುವಂತೆ ಹೇಳುವರು. ಎದುರಿಗೆ ಮಾತ್ರ ಎಂದೂ ಹೊಗಳಿದವರಲ್ಲ. ನಾನು ಚೀಲಕ್ಕಾಗಿ ಗೊಣಗುತ್ತ ಕಲಬುರಗಿಗೆ ಹೋಗಿ ಬರುತ್ತಿದ್ದೆ.

ಈ ಸಲದ ರಾಶಿ ದಿನಗಳಲ್ಲಿ ಧೂಳು ವಿಪರೀತವಿತ್ತು. ಒಂದು ಬೆಳಿಗ್ಗೆ ಅತ್ತೆಗೆ ಉಸಿರೇ ಸಿಗದಾಯಿತು. ನಮ್ಮ ಮನೆಯವರು ಗಾಡಿ ತಂದರು. ಇಬ್ಬರೂ ಸೇರಿ ಎತ್ತಿ ಕೂರಿಸುವಾಗ ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಯವ್ವಾ... ನಾ ಹೊಳ್ಳಿ ಬರೂತನಕ... ಕಸ ಹೊರಗ ಹಾಕಬ್ಯಾಡ."

ಅಷ್ಟು ಹೇಳಲು ಅವರಿಗೆ ಮೂರು ಉಸಿರು ಬೇಕಾಯಿತು. ನಮ್ಮ ಕಡೆ ಊರಿಗೆ ಹೊರಟವರ ಹಿಂದೆಯೇ ಕಸ ಹೊಡೆಯುವುದಿಲ್ಲ. ಹೆಣ ಎತ್ತಿದ ಮೇಲೆ ಮಾತ್ರ ಹಾಗೆ ಹೊಡೆಯುತ್ತಾರೆ. ಅತ್ತೆಯ ಮನಸ್ಸಿನಲ್ಲಿ ಏನಿದೆಯೆಂದು ನನಗೆ ತಿಳಿಯಿತು. ಗಾಡಿ ಹೋದ ಮೇಲೆ ಬಹಳ ಹೊತ್ತು ಹೊಸ್ತಿಲಲ್ಲೇ ನಿಂತಿದ್ದೆ.

ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿದರು. ದಿನ ಕಳೆದಂತೆ ಅತ್ತೆ ಸ್ವಲ್ಪ ಸುಧಾರಿಸಿದರು. ಆಗ ನಮ್ಮ ಮನೆಯವರ ಫೋನು ಬಂತು. "ಡಾಕ್ಟರು ಮನಿ ಪೂರಾ ಸ್ವಚ್ಛ ಮಾಡಿಸಿ ಆಮ್ಯಾಲ ಕರಕೊಂಡು ಹೋಗ್ರಿ ಅಂತಾರ. ಧೂಳ ಇದ್ರ ಮತ್ತ ಇಲ್ಲೇ ತರಬೇಕಾಗ್ತದಂತ."

ಅಷ್ಟು ದಿನ ನಾನು ಮನೆಯಲ್ಲಿ ಏನನ್ನೂ ಮುಟ್ಟಿರಲಿಲ್ಲ. ಅಡ್ಡಾಡಿದರೆ ಹೆಜ್ಜೆ ಮೂಡುತ್ತಿತ್ತು. ಹೊಡೆಯದಿದ್ದರೆ ಅತ್ತೆಯ ಎದೆ ತಡೆಯುವುದಿಲ್ಲ, ಕಸ ಹೊಡೆದು ಚೆಲ್ಲಿದರೆ ಅವರ ಮನಸ್ಸು ತಡೆಯುವುದಿಲ್ಲ. ಆಮೇಲೆ ಮೂಲೆಯಲ್ಲಿದ್ದ ಮಷಿನ್ ಕಂಡಿತು. ನಗು ಬಂತು. ಜಂತಿಯಿಂದ ಹಿಡಿದು ಮಂಚದ ಕೆಳಗಿನವರೆಗೆ ಎಲ್ಲವನ್ನೂ ಎಳೆದೆ. ಚೀಲ ಬಿಗಿದು ತುಂಬಿತು. ಹೊರಗೆ ತೆಗೆದು, ಬಾಯಿ ಮುಚ್ಚಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿ ಗಂಟು ಕಟ್ಟಿ ತಲಬಾಗಿಲ ಹಿಂದೆ ಇಟ್ಟೆ.

ಬಟ್ಟೆ ಒಯ್ಯಲು ಬಂದ ನಮ್ಮ ಮನೆಯವರು ಅದನ್ನು ಎತ್ತಿಕೊಂಡರು. "ಇದನ್ಯಾಕ ಇಲ್ಲಿಟ್ಟಿ? ಹೋಗ್ತಾ ಚೆಲ್ತೇನಿ ಕೊಡು."

"ಇಳಸ್ರಿ ಕೆಳಗ. ಯಾರೂ ಮುಟ್ಟೂದಿಲ್ಲ ಅದನ್ನ."

"ನೀ ಸೈನ್ಸ್ ಟೀಚರ್ ಅದೀ ಹೌದಿಲ್ಲ?"

"ಅದು ಸಾಲ್ಯಾಗ" ಎಂದೆ. ಅವರು ಗಂಟನ್ನು ಇದ್ದಲ್ಲೇ ಇಳಿಸಿ ಬಟ್ಟೆ ತೆಗೆದುಕೊಂಡು ಹೋದರು.

ಅತ್ತೆ ಬಂದದ್ದು ಒಂದು ಸಂಜೆ. ಬಡವಾಗಿದ್ದರು, ಆದರೆ ತಾವೇ ಹೊಸ್ತಿಲು ದಾಟಿದರು. ಮಂಚದ ಮೇಲೆ ಕೂತು ಸುತ್ತ ನೋಡಿದರು. ಬಗ್ಗಿ ನೆಲದ ಮೇಲೆ ಅಂಗೈ ಎಳೆದು ನೋಡಿಕೊಂಡರು. ಕೈಗೆ ಧೂಳು ಹತ್ತಲಿಲ್ಲ. ಅವರ ಮುಖ ಸಣ್ಣದಾಯಿತು.

"ಹೊಡದೀಯಲ್ಲ ಯವ್ವಾ" ಎಂದರು ಮೆಲ್ಲಗೆ. "ನಾ ಬರೂದಿಲ್ಲ ಅಂದ್ಕೊಂಡಿದ್ದೇನು?"

ನಾನು ಬಾಗಿಲ ಹಿಂದಿನಿಂದ ಗಂಟು ತಂದು ಅವರ ಕಾಲ ಹತ್ತಿರ ಇಟ್ಟೆ.

ಅತ್ತೆ ಅದನ್ನು ಒತ್ತಿ ನೋಡಿದರು. ಒಳಗಿನ ಚೀಲದ ಗುರುತು ಹತ್ತಿತು. "ಅಷ್ಟೂ ಇಲ್ಲೇ ಅದ?"

"ಹೌದ್ರಿ ಅತ್ತಿ. ನಿಮ್ಮ ಹಿಂದ ಒಂದ ಚಿಟಿಕೀನೂ ಹೊರಗ ಹೋಗಿಲ್ಲ."

ಅವರು ನನ್ನ ತಲೆ ಹತ್ತಿರಕ್ಕೆ ಎಳೆದುಕೊಂಡು ಕೂದಲ ಮೇಲೆ ಕೈಯಾಡಿಸಿದರು. "ಹುಚ್ಚಿ" ಎಂದರು. ಅವರ ಎದೆ ನನ್ನ ಕಿವಿಗೆ ತಾಗಿತ್ತು, ಸಿಳ್ಳೆ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಆಚೆ ಬೆಳಕು ನೋಡಿ ನನ್ನನ್ನು ಬಿಟ್ಟರು.

"ಏಳು, ದೀಪ ಹಚ್ಚೂದರೊಳಗ ಚೆಲ್ಲಿ ಬಾ. ನಾ ಬಂದೇನಲ್ಲ ಈಗ."