ಹಮೀದಾಬಿಯ ಕಂದೂರಿ

ರಾಮದುರ್ಗದ ನಮ್ಮ ಓಣಿಯಲ್ಲಿ ಕೌದಿ ಹೊಲಿಯುವವರು ಹಲವರಿದ್ದರು. ಆದರೂ ಸವದತ್ತಿಯ ಕಡೆಯವರು ಹಳೆಯ ಸೀರೆಗಳ ಗಂಟು ಹೊತ್ತುಕೊಂಡು ಬರುತ್ತಿದ್ದದ್ದು ಹಮೀದಾಬಿಯ ಮನೆಗೇ. ಅವಳದೂ ನಮ್ಮದೂ ಗೋಡೆಗೆ ಗೋಡೆ ಹತ್ತಿದ ಮನೆ. ನಾನು ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ಮೇಲೂ ಅವಳ ಬಾಯಲ್ಲಿ ನಾನು ಅಕ್ಕೋರೇ. ಬಾಯಿ ಬಲು ಜೋರು. ಹೊಲಿಗೆ ವಾರೆಯಾಗಿದೆ ಎಂದು ತಕರಾರು ತೆಗೆದವರಿಗೆ, ಮೊದಲು ನಿಮ್ಮ ಕಣ್ಣು ತೋರಿಸಿಕೊಳ್ಳಿ ಎನ್ನುವವಳು.

ಅವಳಿಗೆ ಹೊಟ್ಟೆಯ ಕ್ಯಾನ್ಸರ್ ಬಂದಾಗ ಹುಬ್ಬಳ್ಳಿಯಲ್ಲಿ ಮುಕ್ಕಾಲು ಹೊಟ್ಟೆ ಕತ್ತರಿಸಿ ತೆಗೆದರು. ಅರ್ಧ ರೊಟ್ಟಿ ತಿಂದರೂ ಗೋಡೆಗೆ ಒರಗಿ ಕೂಡುತ್ತಿದ್ದಳು. ಗಂಡ ಇಸ್ಮಾಯಿಲಸಾಬ ಟೆಂಪೊ ಓಡಿಸುವವನು. ಅವನು ದರ್ಗಾದ ಮುಂದೆ ನಿಂತು ಅತ್ತದ್ದನ್ನು ಓಣಿಯೇ ನೋಡಿದೆ. ಐದು ವರ್ಷ ಬದುಕಿಸು, ಕಂದೂರಿ ಮಾಡಿ ಊರಿಗೆ ಉಣಿಸುತ್ತೇನೆ ಎಂದು ಹರಕೆ ಹೊತ್ತ. ಐದು ವರ್ಷ ತುಂಬಿತು, ಅವಳು ಬದುಕಿದಳು. ಕುರಿ ಕೊಯ್ದು ಕಂದೂರಿ ಮಾಡಿದ, ಮಾಂಸ ತಿನ್ನದ ನಮ್ಮಂಥವರಿಗೆ ಸಕ್ಕರೆಯ ಮೇಲೆ ಫಾತೆಹಾ ಓದಿಸಿ ಮನೆಗೆ ಕಳಿಸಿದ.

ಅದೇ ತಿಂಗಳು ಡಾಕ್ಟರು ಹೇಳಿದ್ದನ್ನು ನಾನೂ ಜೊತೆಗಿದ್ದು ಕೇಳಿದ್ದೇನೆ. ಹೊಟ್ಟೆಯ ರೋಗ ಹೋಗಿದೆ. ಆದರೆ ಒಮ್ಮೆ ಅದು ಬಂದವರಿಗೆ ಬೇರೆ ಜಾಗದಲ್ಲಿ ಬೇರೆಯದೇ ಕ್ಯಾನ್ಸರ್ ಹುಟ್ಟುವ ಸಂಭವ ಉಳಿದವರಿಗಿಂತ ಹೆಚ್ಚು. ವರ್ಷಕ್ಕೊಮ್ಮೆ ಬಂದು ತೋರಿಸಿ, ಸಂಡಾಸದಲ್ಲಿ ರಕ್ತ ಕಂಡರೆ ತಡಮಾಡಬೇಡಿ ಎಂದರು. ಇಸ್ಮಾಯಿಲಸಾಬನ ಕಿವಿಗೆ ಬಿದ್ದದ್ದು ಹೋಗಿದೆ ಎಂಬ ಮಾತೊಂದೇ.

ಹರಕೆ ತೀರಿಸಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರೆ ದರ್ಗಾದಲ್ಲಿ ಸಮಾಧಿಯಾಗಿರುವ ಅಜ್ಜನನ್ನು ನಂಬಲಿಲ್ಲ ಎಂದಾಗುತ್ತದೆ ಎಂಬುದು ಅವನ ಲೆಕ್ಕ. ಅಜ್ಜ ಹಾಗೆ ಯಾರಿಗೆ ಹೇಳಿದ್ದನೋ! ದರ್ಗಾದ ಮುಜಾವರನೇ ಮೊಣಕಾಲು ನೋವಿಗೆ ಧಾರವಾಡದ ಡಾಕ್ಟರ ಹತ್ತಿರ ಓಡುವವನು. ಅವನನ್ನು ಕೇಳಿದ್ದರೆ ತಾನೇ ಬಸ್ಸು ಹತ್ತಿಸಿ ಕಳಿಸುತ್ತಿದ್ದ. ಇವನು ಕೇಳಲಿಲ್ಲ.

ಮರುವರ್ಷ ರಕ್ತ ಕಂಡಿತು. ಹಮೀದಾಬಿ ಹಿತ್ತಲ ಬಾಗಿಲಿಗೆ ಬಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ನೇರ ಇಸ್ಮಾಯಿಲಸಾಬನ ಮುಂದೆ ಹೋಗಿ ನಿಂತೆ.

"ಹೊಟ್ಟೀನ ತಗದಾರ. ಇನ್ನ ಬ್ಯಾನಿ ಬರಾಕ ಜಾಗಾ ಎಲ್ಲೈತ್ರಿ ಅಕ್ಕೋರ?" ಎಂದ. "ಇದು ಮೂಲವ್ಯಾಧಿ. ಊರಿಗೆಲ್ಲಾ ಉಣಿಸೇನಿ, ಮತ್ತ ದವಾಖಾನಿಗೆ ಹೋದ್ರ ಮಂದಿ ಏನಂದಾರು?"

ಸಾಲಹಳ್ಳಿಯಿಂದ ಬೇರು ತಂದು ಅರೆದು ಕುಡಿಸಿದ. ನಾನು ಜಗಳವಾಡಿದೆ. ಅವನು ನನ್ನ ಕಡೆ ನೋಡುವುದನ್ನೇ ಬಿಟ್ಟ. ಮಗಳು ತಸ್ಲೀಮ್ ಅಂಗಲಾಚಿದಳು, ಅವಳಿಗೂ ಬೈಗುಳವೇ. ನನಗೆ ಹಮೀದಾಬಿಯ ಮೇಲೂ ಸಿಟ್ಟು. ಊರ ಮಂದಿಯ ಬಾಯಿ ಮುಚ್ಚಿಸುವವಳು, ತನ್ನ ಜೀವದ ಮಾತು ಬಂದಾಗ ಗಂಡನ ಮುಂದೆ ತುಟಿ ಬಿಚ್ಚಲಿಲ್ಲ. ಅತ್ತಿದ್ದಾನಲ್ಲ ಅಕ್ಕೋರ ನನಗಾಗಿ, ಅವನ ಮಾನ ಹೇಗೆ ಕಳೆಯಲಿ ಎನ್ನುತ್ತಿದ್ದಳು. ಬೇಸಿಗೆಯ ಹೊತ್ತಿಗೆ ಸೂಜಿಗೆ ದಾರ ಪೋಣಿಸುವಷ್ಟು ಕಸುವೂ ಅವಳಲ್ಲಿ ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ಅಂಗಳದಲ್ಲೇ ಕುಸಿದಳು. ನಾನೂ ತಸ್ಲೀಮಳೂ ಅವನನ್ನು ಕೇಳದೆ ಕಾರು ಮಾಡಿಕೊಂಡು ಹುಬ್ಬಳ್ಳಿಗೆ ಒಯ್ದೆವು. ಅವನು ಹಿಂದಿನಿಂದ ಬಂದ. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್, ಯಕೃತ್ತಿಗೂ ಹಬ್ಬಿದೆ ಎಂದರು. ರಕ್ತ ಕಂಡಾಗಲೇ ಬಂದಿದ್ದರೆ ಕತ್ತರಿಸಿ ತೆಗೆಯಬಹುದಿತ್ತು ಎಂದೂ ಅಂದರು.

ಇಸ್ಮಾಯಿಲಸಾಬ ಒಂದೇ ಮಾತು ಕೇಳಿದ. "ಹಳೇದ ತಿರುಗಿ ಬಂದಿಲ್ಲಲ್ರಿ?"

ಅಲ್ಲ, ಇದು ಬೇರೆಯದೇ ಎಂದರು ಡಾಕ್ಟರು. ಅವನ ಮುಖ ಹಗುರಾದದ್ದನ್ನು ನಾನು ಕಣ್ಣಾರೆ ಕಂಡೆ. ಮಂಚದ ಪಕ್ಕದಲ್ಲೇ ನಿಂತು ದೊಡವಾಡದ ತಮ್ಮನಿಗೆ ಫೋನು ಹಚ್ಚಿ, ಹಳೆಯದಲ್ಲವಂತೆ, ಅಜ್ಜ ಮಾತು ಉಳಿಸಿಕೊಂಡ ಎಂದು ಹೇಳಿದ.

ಗಂಡನೊಡನೆ ಯಾವಾಗಲೂ ಉರ್ದುವಿನಲ್ಲೇ ಮಾತಾಡುವ ಹಮೀದಾಬಿ, ವಾರ್ಡಿನವರಿಗೆಲ್ಲ ತಿಳಿಯಲಿ ಎಂದು ಕನ್ನಡದಲ್ಲೇ ಅಂದಳು.

"ನಿಮ್ಮ ಹರಕಿ ಉಳೀತು ಬಿಡ್ರಿ. ನಾ ಉಳಿಯೂದಿಲ್ಲ."